ಹಿತ್ತಲಿಗೆ ಬಂದ ಬಸುರಿ ಬೆಕ್ಕಿನ ಬಾಣಂತನ ಮನೆಯೊಳಗೇ ಮಾಡಬಹುದೇ?

ತುಂಗಾತೀರ, ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಾಗಿನಿಂದ ಬೂದು ಬಣ್ಣದ, ಮೈಮೇಲೆ ಪಟ್ಟೆಗಳಿರುವ ಬೆಕ್ಕೊಂದು ನಮ್ಮ ಹಿತ್ತಲಿನ ಸೌದೆ ರಾಶಿಯ ಸಂದಿಯಲ್ಲಿ ಮಲಗುತ್ತಿದೆ. ಹೊಟ್ಟೆ ಎರಡೂ ಬದಿಗೆ ಉಬ್ಬಿದೆ, ಮೊಲೆತೊಟ್ಟುಗಳು ಕೆಂಪಗೆ ಎದ್ದು ಕಾಣುತ್ತಿವೆ. ಬೀದಿಯ ಎಲ್ಲ ಮನೆಗಳಲ್ಲೂ ವಿಚಾರಿಸಿದೆ, ಯಾರೂ ತಮ್ಮದೆನ್ನಲಿಲ್ಲ. ಅತ್ತೆಯವರು ಬೆಳಿಗ್ಗೆ ಸಂಜೆ ಹಾಲು ಅನ್ನ ಹಾಕುತ್ತಾರೆ, ಅದನ್ನು ನೆಕ್ಕಿ ಅರ್ಧ ಬಿಟ್ಟು ಹೋಗುತ್ತದೆ. ರಾತ್ರಿ ಬೀದಿನಾಯಿಗಳು ಹಿತ್ತಲಿಗೆ ನುಗ್ಗುವುದರಿಂದ ಒಳಗೆ ಕರೆದುಕೊಳ್ಳಬೇಕೆಂದು ನನಗೆ ಬಹಳ ಆಸೆ. ಆದರೆ ಎರಡು ತೊಡಕುಗಳಿವೆ. ನಮ್ಮದು ಸಸ್ಯಾಹಾರಿ ಮನೆ. ಜೊತೆಗೆ ನಾದಿನಿ ಸೀಮಂತ ಮುಗಿಸಿಕೊಂಡು ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಬಸುರಿ ಹೆಂಗಸಿರುವ ಮನೆಯಲ್ಲಿ ಬೆಕ್ಕು ಇರಬಾರದು, ಮಗುವಿಗೆ ರೋಗ ಬರುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ನಾನು ಏನು ಮಾಡಲಿ?

ಮಲಪ್ರಭಾ, ಬೆಳಗಾವಿ:
ಮೊದಲು ಒಳಗೆ ಕರೆದುಕೊಳ್ಳಿ, ಉಳಿದದ್ದನ್ನು ಆಮೇಲೆ ಯೋಚಿಸಬಹುದು. ಇಡೀ ಮನೆ ಬಿಟ್ಟುಕೊಡಬೇಕಾಗಿಲ್ಲ. ಬಾಗಿಲು ಮುಚ್ಚಬಹುದಾದ ಒಂದು ಚಿಕ್ಕ ಕೋಣೆ ಅಥವಾ ಉಗ್ರಾಣದ ಮೂಲೆ ಸಾಕು. ಒಂದು ರಟ್ಟಿನ ಪೆಟ್ಟಿಗೆ ತಂದು ಒಂದು ಬದಿಯನ್ನು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರಕ್ಕೆ ಕತ್ತರಿಸಿ. ತಾಯಿ ಸುಲಭವಾಗಿ ಹತ್ತಿ ಇಳಿಯಬೇಕು, ಮರಿಗಳು ಉರುಳಿ ಹೊರಗೆ ಬೀಳಬಾರದು. ಒಳಗೆ ಪತ್ರಿಕೆ ಹಾಸಿ, ಮೇಲೆ ಹಳೆಯ ಹತ್ತಿ ಸೀರೆಯನ್ನು ಮಡಿಸಿ ಹಾಕಿ. ಟರ್ಕಿ ಟವೆಲ್ ಬೇಡ, ಅದರ ನೂಲಿನ ಕುಣಿಕೆಗೆ ಮರಿಗಳ ಉಗುರು ಸಿಕ್ಕಿಕೊಳ್ಳುತ್ತದೆ. ಪೆಟ್ಟಿಗೆಯಿಂದ ದೂರದ ಮೂಲೆಯಲ್ಲಿ ಒಂದು ತಟ್ಟೆಯಲ್ಲಿ ಮರಳು ಇಡಿ. ಕಿವಿಯ ತುದಿ ನೇರವಾಗಿ ಕತ್ತರಿಸಿದಂತಿದೆಯೇ ಎಂದೂ ನೋಡಿ. ಹಾಗಿದ್ದರೆ ಯಾರೋ ಈಗಾಗಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದಾರೆ ಎಂದರ್ಥ, ಆಗ ಆ ಹೊಟ್ಟೆಗೆ ಬೇರೆ ಕಾರಣವಿರುತ್ತದೆ.

ಪಶುವೈದ್ಯೆ, ಹಾಸನ:
ಮಲಪ್ರಭಾ ಅವರ ಕೊನೆಯ ಮಾತು ಮುಖ್ಯ. ಉಬ್ಬಿದ ಹೊಟ್ಟೆಯೆಲ್ಲ ಬಸಿರಲ್ಲ. ಜಂತುಹುಳು ತುಂಬಿದ್ದರೂ, ಹೊಟ್ಟೆಯಲ್ಲಿ ನೀರು ತುಂಬಿದ್ದರೂ, ಗರ್ಭಕೋಶದಲ್ಲಿ ಕೀವು ಕಟ್ಟಿದ್ದರೂ ಹೀಗೆಯೇ ಕಾಣುತ್ತದೆ. ಮೊಲೆತೊಟ್ಟು ಕೆಂಪಾಗುವುದು ಸುಮಾರು ಮೂರನೇ ವಾರದಲ್ಲಿ, ಹೊಟ್ಟೆ ಎದ್ದು ಕಾಣುವುದು ಐದನೇ ವಾರದ ನಂತರ. ಹಾಗಾಗಿ ನಿಮ್ಮ ಬೆಕ್ಕು ಬಸುರಿಯೇ ಆಗಿದ್ದರೆ ಅರ್ಧ ದಾರಿ ಕಳೆದಿದೆ. ಬೆಕ್ಕಿನ ಗರ್ಭಾವಧಿ ಸರಾಸರಿ 63ರಿಂದ 65 ದಿನ. ಸ್ಕ್ಯಾನಿಂಗ್‌ನಲ್ಲಿ ಮರಿಗಳ ಹೃದಯ ಬಡಿತ ಕಾಣುತ್ತದೆ, ಎಷ್ಟು ಮರಿ ಎಂದು ಎಣಿಸಲು ಎಕ್ಸ್‌ರೇ ವಾಸಿ, ಅದೂ ಸುಮಾರು 45 ದಿನ ತುಂಬಿದ ಮೇಲೆ. ಆ ಎಣಿಕೆ ಗೊತ್ತಿದ್ದರೆ ಹೆರಿಗೆಯ ರಾತ್ರಿ ಇನ್ನೂ ಮರಿ ಒಳಗಿದೆಯೇ ಎಂಬ ಗೊಂದಲ ಉಳಿಯುವುದಿಲ್ಲ. ನಿಮ್ಮ ಊರಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿಗೆ ಒಮ್ಮೆ ತೋರಿಸಿಕೊಂಡು ಬನ್ನಿ.

ಹೊಟ್ಟೆಯನ್ನು ನೀವೇ ಒತ್ತಿ ನೋಡಲು ಹೋಗಬೇಡಿ. ಜಂತುಹುಳುವಿನ ಔಷಧಿ ಕೊಡಿಸುವುದು ಒಳ್ಳೆಯದು, ಏಕೆಂದರೆ ದುಂಡುಹುಳುಗಳ ಮರಿಗಳು ತಾಯಿಯ ಹಾಲಿನ ಮೂಲಕವೇ ಬೆಕ್ಕಿನ ಮರಿಗಳಿಗೆ ದಾಟುತ್ತವೆ. ಆದರೆ ಬಸುರಿಗೆ ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ವೈದ್ಯರೇ ತೂಕ ನೋಡಿ ಹೇಳಬೇಕು. ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆಯನ್ನು ಈಗ ಹಾಕಿಸಬಾರದು, ಮರಿಗಳ ಮೆದುಳಿಗೆ ಹಾನಿಯಾಗಬಹುದು. ನಾಯಿಗಳಿಗೆಂದು ಮಾರುವ ಚಿಗಟದ ಔಷಧಿಯನ್ನಂತೂ ಹಚ್ಚಲೇಬೇಡಿ. ಅವುಗಳಲ್ಲಿ ಹಲವಕ್ಕೆ ಪರ್ಮೆಥ್ರಿನ್ ಹಾಕಿರುತ್ತಾರೆ, ಬೆಕ್ಕಿಗೆ ಅದು ವಿಷ. ಪ್ಯಾರಾಸಿಟಮಾಲ್ ಮಾತ್ರೆಯೂ ಹಾಗೆಯೇ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಆ ಕೋಣೆಯನ್ನು ಫಿನೈಲ್ ಹಾಕಿ ಒರೆಸಬೇಡಿ, ಸಾಬೂನು ನೀರು ಸಾಕು. ಬಟ್ಟೆಯ ನಡುವೆ ನುಸಿಗುಳಿಗೆ ಇದ್ದರೆ ತೆಗೆದುಬಿಡಿ.

ಕಡಲತಡಿ, ಕುಂದಾಪುರ:
ಹಾಲು ಅನ್ನದಲ್ಲಿ ಬಸುರಿ ಬೆಕ್ಕಿಗೆ ಏನೂ ಸಿಗುವುದಿಲ್ಲ. ನಮ್ಮ ಕಡೆ ಬೂತಾಯಿ ಅಥವಾ ಬಂಗುಡೆಯನ್ನು ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ನೀರಿನಲ್ಲಿ ಬೇಯಿಸಿ, ನಡುಮುಳ್ಳು ತೆಗೆದು ಕೊಡುತ್ತೇವೆ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ, ಆದ್ದರಿಂದ ಸಾರಿನಿಂದ ತೆಗೆದ ತುಂಡು ಕೊಡಬಾರದು. ಹಸಿ ಮೀನು ದಿನವೂ ಬೇಡ. ಮೀನೊಂದರ ಮೇಲೆಯೇ ಇಡುವುದೂ ಸರಿಯಲ್ಲ, ಕೋಳಿ ಮತ್ತು ಮೊಟ್ಟೆಯನ್ನು ಬದಲಾಯಿಸಿ ಕೊಡುತ್ತಿರಬೇಕು.

ತುಂಗಾತೀರ:
ಮೀನು, ಕೋಳಿಯನ್ನು ನಮ್ಮ ಅಡುಗೆಮನೆಯಲ್ಲಿ ಬೇಯಿಸುವುದು ಸಾಧ್ಯವೇ ಇಲ್ಲ. ಅತ್ತೆಯವರಿಗೆ ಬೆಕ್ಕಿನ ಮೇಲೆ ಪ್ರೀತಿಯಿದೆ, ಆದರೆ ಮಡಿಯ ವಿಷಯದಲ್ಲಿ ಅವರ ಮನಸ್ಸು ನೋಯಿಸಲಾರೆ. ಮೊಸರು, ಪನೀರ್, ಬೇಳೆಯ ಕಟ್ಟು ಕೊಟ್ಟರೆ ಸಾಲದೇ?

ಬಸವನಗುಡಿಯಿಂದ:
ಸಾಲದು. ನಮ್ಮದೂ ಈರುಳ್ಳಿ ಸಹ ತಿನ್ನದ ಮನೆ, ಈ ಪ್ರಶ್ನೆಯನ್ನು ನಾವೂ ಎದುರಿಸಿದ್ದೇವೆ. ಬೆಕ್ಕು ಮಾಂಸವಿಲ್ಲದೆ ಬದುಕಲು ಹುಟ್ಟಿದ ಪ್ರಾಣಿಯೇ ಅಲ್ಲ. ಟಾರಿನ್ ಎಂಬ ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಬೇಳೆ ಕಾಳುಗಳಲ್ಲಿ ಇಲ್ಲ. ಟಾರಿನ್ ಕೊರತೆಯಾದರೆ ಮರಿಗಳು ಹೊಟ್ಟೆಯಲ್ಲೇ ಕರಗಿ ಹೋಗಬಹುದು, ಇಲ್ಲವೇ ಬಲಹೀನವಾಗಿ ಹುಟ್ಟಬಹುದು. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲು ಜೀರ್ಣವೂ ಆಗುವುದಿಲ್ಲ, ಭೇದಿಯಾಗುತ್ತದೆ.

ನಾವು ಕಂಡುಕೊಂಡ ದಾರಿ ಇಷ್ಟು. ಬೆಕ್ಕಿನ ಮರಿಗಳಿಗೆಂದು ಮಾರುವ ಒಣ ಆಹಾರದ ಚೀಲ ತಂದು ಹಿತ್ತಲ ಬಾಗಿಲ ಬಳಿ ಬಿಗಿಯಾದ ಡಬ್ಬಿಯಲ್ಲಿಟ್ಟೆವು. ಅದಕ್ಕೇ ಬೇರೆ ತಟ್ಟೆ, ಬೇರೆ ಚಮಚ, ತೊಳೆಯುವುದು ಹೊರಗಿನ ನಲ್ಲಿಯಲ್ಲಿ. ಬೇಯಿಸುವ ಪ್ರಶ್ನೆಯೇ ಬರಲಿಲ್ಲ. ಮರಿಗಳ ಆಹಾರದಲ್ಲಿ ಶಕ್ತಿ ಮತ್ತು ಪ್ರೋಟೀನ್ ಹೆಚ್ಚಿರುವುದರಿಂದ ಬಸುರಿಗೂ ಬಾಣಂತಿಗೂ ಅದೇ ಸರಿಯಾದದ್ದು. ಆಚಾರ ನಮ್ಮದು, ಹಸಿವು ಅದರದ್ದು. ಇದನ್ನು ನಮ್ಮ ತಾಯಿಗೆ ಹೀಗೆಯೇ ಹೇಳಿದಾಗ ಅವರು ಮರುಮಾತಿಲ್ಲದೆ ಒಪ್ಪಿದರು.

ಪಶುವೈದ್ಯೆ, ಹಾಸನ:
ಪ್ರಮಾಣದ ಬಗ್ಗೆ ಒಂದು ಮಾತು. ದಿನ ತುಂಬುತ್ತಿದ್ದಂತೆ ಎಂದಿನ ಒಂದೂವರೆಪಟ್ಟು ಆಹಾರ ಬೇಕು. ಹೊಟ್ಟೆಯಲ್ಲಿ ಜಾಗವಿರುವುದಿಲ್ಲವಾದ್ದರಿಂದ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಹಾಲೂಡಿಸುವಾಗ ಅದು ಎರಡು ಮೂರು ಪಟ್ಟು ತಿನ್ನುತ್ತದೆ, ಆಗ ಮಿತಿ ಹಾಕಬೇಡಿ. ಒಳ್ಳೆಯದೆಂದು ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಈಗ ಕೊಡಬೇಡಿ. ಹೊರಗಿನಿಂದ ಕ್ಯಾಲ್ಸಿಯಂ ಸಿಕ್ಕರೆ ದೇಹವು ಮೂಳೆಯಿಂದ ಅದನ್ನು ಒದಗಿಸಿಕೊಳ್ಳುವ ತನ್ನ ವ್ಯವಸ್ಥೆಯನ್ನೇ ತಗ್ಗಿಸುತ್ತದೆ, ಹೆರಿಗೆಯಾದ ಮೇಲೆ ಹಾಲಿಗೆ ಹೆಚ್ಚು ಬೇಕಾದಾಗ ತೊಂದರೆಯಾಗುತ್ತದೆ.

ಶುಶ್ರೂಷಕಿ, ಹುಬ್ಬಳ್ಳಿ:
ನಾದಿನಿಯವರ ವಿಷಯಕ್ಕೆ ಬರುತ್ತೇನೆ. ಪಕ್ಕದ ಮನೆಯವರು ಹೇಳುತ್ತಿರುವುದು ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯ ಬಗ್ಗೆ. ಅದು ಗರ್ಭಿಣಿಗೆ ಮೊದಲ ಬಾರಿ ತಗುಲಿದರೆ ಮಗುವಿನ ಕಣ್ಣು, ಮೆದುಳಿಗೆ ಹಾನಿಯಾಗಬಹುದು ಎಂಬುದು ನಿಜ. ಆದರೆ ಅದು ಬೆಕ್ಕನ್ನು ನೋಡಿದ್ದರಿಂದಲೋ ಒಂದೇ ಸೂರಿನಡಿ ಇದ್ದುದರಿಂದಲೋ ಬರುವುದಿಲ್ಲ. ಬೆಕ್ಕಿನ ಮಲದಲ್ಲಿ ಹೊರಬಂದ, ಆ ಪರಾವಲಂಬಿಯ ಮೊಟ್ಟೆಯಂಥ ಕೋಶಗಳು ಬಾಯಿಗೆ ಸೇರಬೇಕು. ಅವೂ ಹೊರಬಿದ್ದ ತಕ್ಷಣ ಸೋಂಕು ತರುವುದಿಲ್ಲ, ಹಣ್ಣಾಗಲು ಒಂದರಿಂದ ಐದು ದಿನ ಬೇಕು. ಮರಳಿನ ತಟ್ಟೆಯನ್ನು ದಿನವೂ, ನಾದಿನಿಯನ್ನು ಬಿಟ್ಟು ಬೇರೆಯವರು, ಕೈಗವಸು ಹಾಕಿ ಶುಚಿ ಮಾಡಿದರೆ ಅಪಾಯ ಬಹಳ ತಗ್ಗುತ್ತದೆ. ಹಿತ್ತಲಿನ ಮಣ್ಣಿನಲ್ಲಿ ಬರಿಗೈ ಹಾಕುವುದು, ಸರಿಯಾಗಿ ತೊಳೆಯದ ಸೊಪ್ಪು ತಿನ್ನುವುದು ಕೂಡ ಅಷ್ಟೇ ಅಪಾಯ. ಬೆಕ್ಕು ಮನೆಗೆ ಬರುವ ಮೊದಲೇ ಆ ಮಣ್ಣಿನಲ್ಲಿ ಅದು ಮಲ ವಿಸರ್ಜನೆ ಮಾಡಿರುತ್ತದೆ ಎಂಬುದನ್ನು ಮರೆಯಬೇಡಿ. ನಾದಿನಿಯವರು ಆ ಕೋಣೆಗೆ ಹೋಗದಿರಲಿ, ಮುಂದಿನ ತಪಾಸಣೆಯಲ್ಲಿ ತಮ್ಮ ವೈದ್ಯರಿಗೆ ವಿಷಯ ತಿಳಿಸಲಿ.

ಕಾವೇರಿ ಕಡೆ, ಮೈಸೂರು:
ಯಾರೂ ಕೇಳದ ಪ್ರಶ್ನೆಯನ್ನು ನಾನು ಕೇಳುತ್ತೇನೆ, ದಯವಿಟ್ಟು ಬೇಸರ ಬೇಡ. ಈಗಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಏಕೆ ಮಾಡಿಸಬಾರದು? ಬಸುರಿ ಬೆಕ್ಕಿಗೂ ಅದನ್ನು ಮಾಡುತ್ತಾರೆ. ನಾನು ಬೀದಿಬೆಕ್ಕುಗಳ ನಡುವೆ ಕೆಲಸ ಮಾಡುವವಳು. ಮಳೆಗಾಲದಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಮಾರುಕಟ್ಟೆಯ ಬಳಿ ಬಿಟ್ಟುಹೋದ ಮರಿಗಳನ್ನು ಎತ್ತಿಕೊಂಡು ಬರುವುದು ನಮಗೆ ದಿನದ ಕೆಲಸ. ಅವುಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಮನೆ ಸಿಗದ ನಾಲ್ಕು ಮರಿಗಳನ್ನು ಹುಟ್ಟಿಸುವುದು ಕರುಣೆ ಎಂದು ನನಗೆ ಅನ್ನಿಸುವುದಿಲ್ಲ. ಆ ತಾಯಿಯ ಮೈಯಲ್ಲಿ ಎಷ್ಟು ಸತ್ವ ಉಳಿದಿದೆ ಎಂದೂ ನೋಡಬೇಕಲ್ಲವೇ?

ಮಲಪ್ರಭಾ, ಬೆಳಗಾವಿ:
ಹೊಟ್ಟೆಯಲ್ಲಿ ಮರಿಗಳು ಓಡಾಡುತ್ತಿರುವಾಗ ಅದನ್ನು ಮಾಡಿಸಲು ನನಗೆ ಕೈ ಬರುವುದಿಲ್ಲ. ನಂಬಿ ಬಾಗಿಲಿಗೆ ಬಂದಿದೆ. ಮರಿಗಳಿಗೆ ಮನೆ ಹುಡುಕುವ ಹೊಣೆಯನ್ನು ಈಗಲೇ ಹೊತ್ತುಕೊಂಡರೆ ಆಯಿತು. ಎರಡನ್ನು ನಾನೇ ತೆಗೆದುಕೊಂಡು ಹೋಗಲು ಸಿದ್ಧ, ಇದನ್ನು ಬರಿಯ ಮಾತಿಗೆ ಹೇಳುತ್ತಿಲ್ಲ.

ಪಶುವೈದ್ಯೆ, ಹಾಸನ:
ಇಬ್ಬರ ಮಾತಿನಲ್ಲೂ ಸತ್ಯವಿದೆ. ಮೊದಲ ವಾರಗಳಲ್ಲಿ ಆ ಶಸ್ತ್ರಚಿಕಿತ್ಸೆ ಸುಲಭ. ದಿನ ತುಂಬುತ್ತಾ ಬಂದಂತೆ ಗರ್ಭಕೋಶಕ್ಕೆ ರಕ್ತದ ಹರಿವು ಹೆಚ್ಚಿ ತಾಯಿಗೆ ಅಪಾಯ ಹೆಚ್ಚುತ್ತದೆ, ರಕ್ತಹೀನತೆಯಿರುವ ಬೀದಿಬೆಕ್ಕಿಗೆ ಇನ್ನೂ ಹೆಚ್ಚು. ನೂರಾರು ಬೆಕ್ಕುಗಳನ್ನು ನಿಭಾಯಿಸುವವರು ಅದನ್ನು ಆರಿಸಿಕೊಂಡರೆ ನಾನು ತಪ್ಪೆನ್ನುವುದಿಲ್ಲ. ಒಂದೇ ಬೆಕ್ಕು, ಒಂದು ಕೋಣೆ, ಮರಿಗಳನ್ನು ಕೇಳುವವರು ಇದ್ದಾರೆ ಎಂದಾದರೆ ಹೆರಿಗೆ ಆಗಲಿ. ಆದರೆ ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕು, ಅದನ್ನು ಇಂದೇ ನಿಶ್ಚಯಿಸಿಕೊಳ್ಳಿ. ಮರಿಗಳ ಮುದ್ದಿನಲ್ಲಿ ಅದು ಮರೆತುಹೋಗುವುದನ್ನು ಬಹಳ ಕಂಡಿದ್ದೇನೆ. ನಮ್ಮ ದಕ್ಷಿಣದ ಹವೆಯಲ್ಲಿ ಹಗಲಿನ ಅವಧಿ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ, ಬೆಕ್ಕುಗಳು ಯಾವ ತಿಂಗಳಲ್ಲಾದರೂ ಬೆದೆಗೆ ಬರುತ್ತವೆ. ಹಾಲೂಡಿಸುತ್ತಿರುವಾಗಲೇ ಮತ್ತೆ ಗರ್ಭ ನಿಲ್ಲುವುದೂ ಉಂಟು.

ಅಜ್ಜಿಮನೆ, ತೀರ್ಥಹಳ್ಳಿ:
ನಮ್ಮ ಮನೆಯ ಅಟ್ಟದಲ್ಲಿ ಅಡಿಕೆ ಚೀಲಗಳ ನಡುವೆ ತಲೆತಲಾಂತರದಿಂದ ಬೆಕ್ಕುಗಳು ಮರಿ ಹಾಕಿವೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ಅದು ಸುಮ್ಮನೆ ಸುತ್ತುವುದಿಲ್ಲ. ಜನರ ಗಲಾಟೆ, ಬೆಳಕು, ಕೊಳೆಯಾದ ಹಾಸು, ಗಂಡು ಬೆಕ್ಕಿನ ವಾಸನೆ, ಇವುಗಳಿಂದಲೇ ಜಾಗ ಬದಲಿಸುತ್ತದೆ. ಮರಿ ಹುಟ್ಟಿದ ಮೇಲೆ ನೆಂಟರಿಷ್ಟರನ್ನು, ಮಕ್ಕಳನ್ನು ಕರೆದು ತೋರಿಸಬೇಡಿ. ಮಾಳ ಬೆಕ್ಕು ಒಳನುಗ್ಗದಂತೆ ಕಿಟಕಿಗೆ ಜಾಲರಿ ಹಾಕಿಸಿ. ಅದು ಮರಿಗಳನ್ನು ಕತ್ತು ಹಿಡಿದು ಕೊಂದು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು ವಿಷಯ, ಒಂದೇ ಪೆಟ್ಟಿಗೆ ಇಟ್ಟು ಅಲ್ಲೇ ಹೆರಬೇಕೆಂದು ಹಟ ಹಿಡಿಯಬೇಡಿ. ಎರಡು ಮೂರು ಕಡೆ ಜಾಗ ಮಾಡಿಡಿ, ಅದು ತನಗೆ ಬೇಕಾದ್ದನ್ನು ಆರಿಸಿಕೊಳ್ಳಲಿ.

ಯದುಗಿರಿ, ಮೇಲುಕೋಟೆ:
ನಮ್ಮ ಶ್ರೀವೈಷ್ಣವರಲ್ಲಿ ಶರಣಾಗತಿಗೆ ಎರಡು ದೃಷ್ಟಾಂತ ಕೊಡುತ್ತಾರೆ. ಮರ್ಕಟ ಕಿಶೋರ ನ್ಯಾಯದಲ್ಲಿ ಮರಿಯೇ ತಾಯಿಯನ್ನು ತಬ್ಬಿ ಹಿಡಿಯಬೇಕು. ಮಾರ್ಜಾಲ ಕಿಶೋರ ನ್ಯಾಯದಲ್ಲಿ ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕತ್ತಿನ ಚರ್ಮ ಕಚ್ಚಿ ಎತ್ತಿಕೊಂಡು ಹೋಗುತ್ತಾಳೆ. ತಾಯಿ ಹಾಗೆ ಎತ್ತಿದಾಗ ಮರಿಗೆ ನೋವಾಗುತ್ತದೆಂದು ಬಿಡಿಸಲು ಹೋಗುವವರಿದ್ದಾರೆ, ಬಿಡಿಸಬೇಡಿ. ಆದರೆ ನಾವು ಎತ್ತುವಾಗ ಕತ್ತು ಹಿಡಿಯದೆ ಎರಡೂ ಅಂಗೈಯಲ್ಲಿ ಎತ್ತಬೇಕು.

ತುಂಗಾತೀರ:
ಎಲ್ಲರ ಮಾತನ್ನೂ ಮನೆಯವರಿಗೆ ಓದಿ ಹೇಳಿದೆ. ಕೋಣೆ ಸಿದ್ಧವಾಗಿದೆ, ಒಣ ಆಹಾರವನ್ನು ಬೆಕ್ಕು ಚಪ್ಪರಿಸಿ ತಿನ್ನುತ್ತಿದೆ, ಮರಳಿನ ತಟ್ಟೆಯ ಕೆಲಸ ನನ್ನ ಯಜಮಾನರದ್ದು. ಎಕ್ಸ್‌ರೇಯಲ್ಲಿ ನಾಲ್ಕು ಮರಿಗಳು ಕಂಡವು. ಇವತ್ತು ಬೆಳಿಗ್ಗೆಯಿಂದ ಏನನ್ನೂ ತಿಂದಿಲ್ಲ. ಹಾಸನ್ನು ಕೆರೆಯುತ್ತದೆ, ಎದ್ದು ಸುತ್ತುತ್ತದೆ, ನನ್ನ ಸೆರಗು ಹಿಡಿದು ಕೂಗುತ್ತದೆ. ಹೊತ್ತು ಬಂತೇ, ಡಾಕ್ಟರ್?

ಪಶುವೈದ್ಯೆ, ಹಾಸನ:
ಬಂದಿದೆ. ಬೆಕ್ಕಿನ ದೇಹದ ಉಷ್ಣತೆ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಹೆರಿಗೆಗೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಮೊದಲು ಸ್ವಲ್ಪ ಇಳಿಯುತ್ತದೆ. ಅಳೆಯಲೆಂದು ಅದನ್ನು ಪೀಡಿಸುವುದು ಬೇಡ, ನಡವಳಿಕೆಯೇ ಹೇಳುತ್ತಿದೆ. ದೀಪ ಮಂದ ಮಾಡಿ, ಒಬ್ಬರು ಮಾತ್ರ ದೂರದಲ್ಲಿ ಕುಳಿತಿರಿ. ಮರಿ ಬಾಲದ ಕಡೆಯಿಂದ ಬಂದರೆ ಗಾಬರಿಯಾಗಬೇಡಿ, ಬೆಕ್ಕುಗಳಲ್ಲಿ ಅದು ಸಾಮಾನ್ಯ. ತಾಯಿ ಪೊರೆ ಹರಿದು, ನೆಕ್ಕಿ, ಹೊಕ್ಕುಳ ಬಳ್ಳಿ ಕಚ್ಚಿ, ಮಾಸನ್ನು ತಿನ್ನುತ್ತದೆ. ತಡೆಯಬೇಡಿ, ಆದರೆ ಪ್ರತಿ ಮರಿಯ ಮಾಸೂ ಹೊರಬಿತ್ತೇ ಎಂದು ಎಣಿಸಿಕೊಳ್ಳಿ. ಮರಿ ಬಿದ್ದು ಒಂದು ನಿಮಿಷವಾದರೂ ತಾಯಿ ಪೊರೆ ಹರಿಯದಿದ್ದರೆ ಮಾತ್ರ ನೀವು ಶುಚಿಯಾದ ಬಟ್ಟೆಯಿಂದ ಮುಖದ ಪೊರೆ ಸರಿಸಿ, ಮೂಗು ಬಾಯಿ ಒರೆಸಿ, ಬೆನ್ನನ್ನು ಉಜ್ಜಿ.

ಜೋರಾಗಿ ಮುಕ್ಕರಿಯಲು ಶುರುಮಾಡಿ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ, ಮರಿ ಅರ್ಧಕ್ಕೆ ಸಿಕ್ಕಿಕೊಂಡರೆ, ತಾಜಾ ರಕ್ತ ನಿಲ್ಲದೆ ಸುರಿದರೆ, ನಾರುವ ಸ್ರಾವ ಬಂದರೆ ಕಾಯಬೇಡಿ, ಪೆಟ್ಟಿಗೆ ಸಮೇತ ಆಸ್ಪತ್ರೆಗೆ ಹೊರಡಿ. ರಾತ್ರಿ ಯಾರು ಸಿಗುತ್ತಾರೆ, ಯಾವ ವಾಹನ ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ನೀವಾಗಿ ಎಳೆಯುವುದಾಗಲಿ, ಹೆರಿಗೆ ನೋವು ಬರಿಸುವ ಚುಚ್ಚುಮದ್ದನ್ನು ಔಷಧಿ ಅಂಗಡಿಯಿಂದ ತಂದು ಹಾಕುವುದಾಗಲಿ ಖಂಡಿತ ಬೇಡ. ದಾರಿ ಅಡ್ಡಿಯಾಗಿದ್ದಾಗ ಆ ಚುಚ್ಚುಮದ್ದು ಕೊಟ್ಟರೆ ಗರ್ಭಕೋಶವೇ ಒಡೆಯಬಹುದು.

ತುಂಗಾತೀರ:
ಮೂರು ಮರಿಗಳು ಹುಟ್ಟಿದವು, ಮೂರೂ ಹಾಲು ಕುಡಿಯುತ್ತಿವೆ. ನಾಲ್ಕನೆಯದು ಬಂದಿಲ್ಲ, ಗಂಟೆಗಳೇ ಕಳೆದವು. ಬೆಕ್ಕು ಆರಾಮವಾಗಿ ಮಲಗಿದೆ, ನೀರು ಕುಡಿಯಿತು, ಮುಕ್ಕರಿಯುತ್ತಿಲ್ಲ. ಅತ್ತೆಯವರು ದೇವರ ಮುಂದೆ ದೀಪ ಹಚ್ಚಿಟ್ಟು ಕುಳಿತಿದ್ದಾರೆ.

ಪಶುವೈದ್ಯೆ, ಹಾಸನ:
ಬೆಕ್ಕುಗಳಲ್ಲಿ ಹೆರಿಗೆ ನಡುವೆ ನಿಂತು, ಇಪ್ಪತ್ತನಾಲ್ಕು ಗಂಟೆಯವರೆಗೂ ಬಿಡುವು ಕೊಟ್ಟು ಮುಂದುವರಿಯುವುದುಂಟು. ತಾಯಿ ಶಾಂತವಾಗಿದ್ದು ತಿನ್ನುತ್ತಾ ಮರಿಗಳನ್ನು ನೋಡಿಕೊಳ್ಳುತ್ತಿದ್ದರೆ ಬೆಳಗಿನವರೆಗೆ ಕಾಯಬಹುದು. ಮಂಕಾದರೆ, ವಾಂತಿ ಮಾಡಿದರೆ ತಕ್ಷಣ ಹೊರಡಿ. ನಾಲ್ಕನೆಯದು ಬಂದರೂ ಬಾರದಿದ್ದರೂ ಬೆಳಿಗ್ಗೆ ಒಮ್ಮೆ ತೋರಿಸಿ.

ತುಂಗಾತೀರ:
ಬೆಳಕು ಹರಿಯುವ ಮುನ್ನ ನಾಲ್ಕನೆಯದೂ ಬಂತು! ಉಳಿದವಕ್ಕಿಂತ ಚಿಕ್ಕದು, ಮೈ ತಣ್ಣಗಿದೆ, ಮೊಲೆ ಹಿಡಿಯುತ್ತಿಲ್ಲ. ಹಸುವಿನ ಹಾಲನ್ನು ಹತ್ತಿಯಲ್ಲಿ ಅದ್ದಿ ಕೊಡಲೇ?

ಪಶುವೈದ್ಯೆ, ಹಾಸನ:
ಬೇಡ. ತಣ್ಣಗಿರುವ ಮರಿಗೆ ಏನನ್ನೂ ಕುಡಿಸಬಾರದು, ಜೀರ್ಣವಾಗುವುದಿಲ್ಲ. ಮೊದಲು ಬೆಚ್ಚಗೆ ಮಾಡಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ, ನೇರ ತಾಗಬಾರದು. ಮೈ ಬಿಸಿಯಾದ ಮೇಲೆ ಹೆಚ್ಚು ಹಾಲಿರುವ ಹಿಂದಿನ ಮೊಲೆಗೆ ಹಿಡಿಸಿ. ಮೊದಲ ಹದಿನಾರು ಗಂಟೆಯೊಳಗೆ ತಾಯಿಯ ಗಿಣ್ಣು ಹಾಲು ಹೊಟ್ಟೆಗೆ ಹೋಗಬೇಕು, ರೋಗನಿರೋಧಕ ಶಕ್ತಿ ಅದರಿಂದಲೇ. ಹಿಡಿಯದಿದ್ದರೆ ಬೆಕ್ಕಿನ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ತನ್ನಿ, ಮಗುಚಿ ಮಲಗಿಸಿಯೇ ಕುಡಿಸಿ, ಅಂಗಾತ ಹಿಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ದಿನವೂ ಒಂದೇ ಹೊತ್ತಿಗೆ ತೂಗಿ. ಹುಟ್ಟುವಾಗ ಸುಮಾರು 100 ಗ್ರಾಂ, ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ತೂಕ ಇಳಿದರೆ ನನಗೆ ತಿಳಿಸಿ.

ತುಂಗಾತೀರ:
ಚಿಕ್ಕದು ಮೊಲೆ ಹಿಡಿಯಿತು, ತೂಕ ಏರುತ್ತಿದೆ. ಆದರೆ ಹಾಸು ಬದಲಿಸುವಾಗ ತಾಯಿ ನನ್ನ ಯಜಮಾನರ ಕೈ ಕಚ್ಚಿತು, ರಕ್ತ ಬಂತು. ಮರಿ ಕಾಪಾಡಿಕೊಳ್ಳಲು ಕಚ್ಚಿದ್ದು, ಅರಿಸಿನ ಹಚ್ಚಿದರೆ ಸಾಕು ಎನ್ನುತ್ತಿದ್ದಾರೆ.

ಶುಶ್ರೂಷಕಿ, ಹುಬ್ಬಳ್ಳಿ:
ಸಾಲದು! ಅರಿಸಿನ ಬೇಡ, ಕಟ್ಟು ಕಟ್ಟುವುದೂ ಬೇಡ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಇಂದೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ, ಲಸಿಕೆಯ ಇತಿಹಾಸ ಗೊತ್ತಿಲ್ಲದ ಬೆಕ್ಕು ಯಾವ ಕಾರಣಕ್ಕೆ ಕಚ್ಚಿದರೂ ಒಂದೇ ಚಿಕಿತ್ಸೆ. ರಕ್ತ ಬಂದಿರುವುದರಿಂದ ಗಾಯದ ಸುತ್ತ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನಗಳಂದು ಹಾಕುತ್ತಾರೆ, ಒಂದನ್ನೂ ತಪ್ಪಿಸಬಾರದು. ಧನುರ್ವಾಯು ಚುಚ್ಚುಮದ್ದನ್ನೂ ಕೇಳಿ ಹಾಕಿಸಿ.

ಪಶುವೈದ್ಯೆ, ಹಾಸನ:
ನಾಲ್ಕು ಮರಿಗಳಿಗೆ ಹಾಲೂಡಿಸುವ ತಾಯಿಯ ಮೇಲೂ ಕಣ್ಣಿಡಿ. ಕೈಕಾಲು ನಡುಗುವುದು, ಕಾಲು ಸೆಟೆದುಕೊಂಡು ನಡೆಯುವುದು, ಏದುಸಿರು ಕಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿದೆ ಎಂದರ್ಥ, ಅದು ತುರ್ತು ಸ್ಥಿತಿ. ಮೊಲೆ ಗಟ್ಟಿಯಾಗಿ ಬಿಸಿಯಾಗಿದ್ದರೆ ಬಾವು.

ತುಂಗಾತೀರ:
ಯಜಮಾನರ ಲಸಿಕೆ ಎಲ್ಲವೂ ಮುಗಿಯಿತು. ನಾದಿನಿಗೂ ಸುಸೂತ್ರವಾಗಿ ಹೆರಿಗೆಯಾಗಿ ಹೆಣ್ಣು ಮಗುವಾಗಿದೆ, ಈಗ ಮನೆಯಲ್ಲಿ ಎರಡು ಬಾಣಂತನ. ಮರಿಗಳು ತಟ್ಟೆಯಿಂದ ತಿನ್ನಲು ಕಲಿತಿವೆ. ಒಂದಕ್ಕೆ ಕಪ್ಪು, ಕಂದು, ಬಿಳಿ ಮೂರೂ ಬಣ್ಣವಿದೆ, ಅತ್ತೆಯವರು ಅದನ್ನು ಕೊಡುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಪಕ್ಕದ ಬೀದಿಯವರೊಬ್ಬರು ಇನ್ನೊಂದನ್ನು ಇಲಿ ಹಿಡಿಯಲು ಗೋದಾಮಿಗೆ ಬೇಕೆಂದು ಈಗಲೇ ಕೇಳುತ್ತಿದ್ದಾರೆ.

ಕಾವೇರಿ ಕಡೆ, ಮೈಸೂರು:
ಗೋದಾಮಿಗೆ ಕೊಡಬೇಡಿ, ಅಲ್ಲಿ ಇಲಿಪಾಷಾಣ ಇಟ್ಟಿರುತ್ತಾರೆ. ಎಂಟು ವಾರ ತುಂಬುವ ಮೊದಲು ಯಾರಿಗೂ ಕೊಡಬೇಡಿ. ಆ ಹೊತ್ತಿಗೆ ಮೊದಲ ಲಸಿಕೆ ಆಗಿರಲಿ, ರೇಬೀಸ್ ಲಸಿಕೆ ಮೂರು ತಿಂಗಳಿಗೆ. ತೆಗೆದುಕೊಳ್ಳುವವರ ಮನೆ ನೋಡಿ ಬನ್ನಿ, ಐದನೇ ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತೇವೆಂಬ ಮಾತು ಪಡೆಯಿರಿ. ನಾಲ್ಕು ತಿಂಗಳಿಗೇ ಬೆದೆಗೆ ಬರುವ ಮರಿಗಳಿವೆ. ಆ ಮೂರು ಬಣ್ಣದ್ದು ಬಹುಮಟ್ಟಿಗೆ ಖಂಡಿತವಾಗಿ ಹೆಣ್ಣೇ, ಅತ್ತೆಯವರಿಗೆ ಇದನ್ನು ಮುಂಚೆಯೇ ತಿಳಿಸಿಬಿಡಿ. ಬೇಡವೆಂದು ಹಸಿವಿಗೆ ಬೀದಿಯಲ್ಲಿ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ಇದನ್ನೂ ಕೊಡುವಾಗಲೇ ಸ್ಪಷ್ಟವಾಗಿ ಹೇಳಿ. ನಾನು ಮೊದಲು ಬೇರೆ ಸಲಹೆ ಕೊಟ್ಟವಳು. ಈ ಮನೆಯಲ್ಲಿ ಆ ಮರಿಗಳು ಬೆಳೆದ ರೀತಿ ಓದಿ ನನಗೆ ತುಂಬಾ ಸಂತೋಷವಾಗಿದೆ.

ಮಲಪ್ರಭಾ, ಬೆಳಗಾವಿ:
ನನ್ನ ಎರಡು ಮರಿಗಳನ್ನು ಬೇರೆ ಯಾರಿಗೂ ಮಾತು ಕೊಡಬೇಡಿ. ಎಂಟು ವಾರವಾದ ಮೇಲೆ ನಾನೇ ಬರುತ್ತೇನೆ.

ತುಂಗಾತೀರ:
ನಿಮಗೇ ಮೀಸಲು. ತಾಯಿಯ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಬೇಕೆಂದಿದ್ದೇವೆ. ಮರಿಗಳನ್ನು ಅದರ ಜೊತೆಯಲ್ಲೇ ಬಿಡಬಹುದೇ?

ಪಶುವೈದ್ಯೆ, ಹಾಸನ:
ಈಗಿನಿಂದಲೇ ಹಗಲು ಹೊತ್ತು ಬೇರೆ ಕೋಣೆಯಲ್ಲಿಟ್ಟು ಹಾಲು ಬಿಡಿಸಿ. ಹಾಲು ಬತ್ತಲು ಎರಡು ವಾರದಷ್ಟು ಸಮಯ ಕೊಟ್ಟರೆ ಶಸ್ತ್ರಚಿಕಿತ್ಸೆ ಸುಲಭ, ಅಲ್ಲಿಯವರೆಗೆ ತಾಯಿ ಹೊಸ್ತಿಲು ದಾಟದಿರಲಿ. ಹಿಂದಿನ ರಾತ್ರಿ ಆಹಾರ ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ಶಸ್ತ್ರಚಿಕಿತ್ಸೆ ಮಾಡುವವರನ್ನೇ ಕೇಳಿ. ಮನೆಗೆ ಬಂದ ಮೇಲೆ ಹೊಲಿಗೆ ಮಾಯುವವರೆಗೆ, ಅಂದರೆ ಹತ್ತರಿಂದ ಹದಿನಾಲ್ಕು ದಿನ, ಮರಿಗಳನ್ನು ಹತ್ತಿರ ಬಿಡಬೇಡಿ. ಬತ್ತಿದ ಮೊಲೆಯನ್ನೇ ಹುಡುಕಿಕೊಂಡು ಹೊಲಿಗೆಯ ಮೇಲೆ ಏರುತ್ತವೆ. ಕಿವಿಯ ತುದಿಗೆ ಗುರುತು ಹಾಕಿಸುವುದನ್ನು ಮರೆಯಬೇಡಿ.